ಬಸುರಿಯ ಮೈಗೆ ಕಬ್ಬಿಣ, ಸುಣ್ಣ, ಸತ್ವ ಹತ್ತಬೇಕಾದರೆ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಿತ್ತಿಲು ನೋಡಿದರೆ ಇಲ್ಲಿ ಯಾರಿಗೂ ಯಾವ ಕೊರತೆಯೂ ಇರಲಿಕ್ಕಿಲ್ಲ ಅನಿಸುತ್ತದೆ. ಬಸಳೆ ಚಪ್ಪರ, ನುಗ್ಗೆ ಮರ, ಹರಿವೆ ಸಾಲು, ಕೊಟ್ಟಿಗೆಯಲ್ಲಿ ಹಸು, ಹೊಳೆಯಲ್ಲಿ ಮೀನು. ಆದರೂ ತಾಯಿ ಕಾರ್ಡ್ ತೆರೆದರೆ ಹಿಮೋಗ್ಲೋಬಿನ್ ಜಾಗದಲ್ಲಿ 9, 9.5 ಅಂತ ಬರೆದಿರುವುದು ಮಾಮೂಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಇಬ್ಬರಲ್ಲಿ ಒಬ್ಬರಿಗೆ.

ಕೂಲಿ ಮಾಡಿ ಬದುಕುವ ಮನೆಗಳಲ್ಲಿ ಊಟವೇ ಸಾಲದು, ಅದು ನಿಜ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಸೊಸೆ ಉಣ್ಣುವ ಮನೆಗಳೂ ಇವೆ. ಆದರೆ ಹೊಟ್ಟೆ ತುಂಬಾ ಉಣ್ಣುವ ಮನೆಯಲ್ಲೂ ರಕ್ತ ಕಮ್ಮಿ ಇದೆಯಲ್ಲ, ಅದಕ್ಕೆ ಕಾರಣ ಬೇರೆ. ತಿಂದದ್ದು ಮೈಗೆ ಹತ್ತುತ್ತಿಲ್ಲ. ಯಾವುದನ್ನು ಯಾವಾಗ ತಿನ್ನಬೇಕು, ಯಾವುದರ ಜೊತೆ ತಿನ್ನಬಾರದು ಅನ್ನುವುದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಮಾತ್ರೆ ಕೈಗಿಟ್ಟು ಕಳಿಸುತ್ತಾರೆ, ಅಷ್ಟೇ. ಆ ಉಳಿದ ಮಾತನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಇದು ಡಾಕ್ಟರ ಸಲಹೆಗೆ ಬದಲಿಯಲ್ಲ. ಅವರು ಹೇಳಿದ್ದನ್ನು ಮನೆಯಲ್ಲಿ ಸರಿಯಾಗಿ ನಡೆಸುವುದಕ್ಕೆ ಒಂದು ದಾರಿ.

ಹೆಜ್ಜೆ 1: ಮಗು ಬೇಕು ಅಂದುಕೊಂಡ ದಿನದಿಂದಲೇ ಫೋಲಿಕ್ ಆಮ್ಲ

ಮಗುವಿನ ಮಿದುಳು ಮತ್ತು ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಮುಟ್ಟು ನಿಂತು, ಒಂದು ತಿಂಗಳು ಕಾದು, ಆಮೇಲೆ ಆಸ್ಪತ್ರೆಗೆ ಹೋಗಿ ಮಾತ್ರೆ ಶುರು ಮಾಡಿದರೆ ಆ ಕೆಲಸಕ್ಕೆ ತಡವಾಯಿತು. ಆದ್ದರಿಂದ ಮಗು ಬೇಕು ಅಂತ ತೀರ್ಮಾನಿಸಿದಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಿ, ಮೊದಲ ಮೂರು ತಿಂಗಳು ಮುಂದುವರಿಸಿ. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದರೆ, ಅಥವಾ ನೀವು ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ, ಮೊದಲೇ ಡಾಕ್ಟರನ್ನು ನೋಡಿ. ಅಂಥವರಿಗೆ ಬೇಕಾಗುವ ಪ್ರಮಾಣ ಬೇರೆ.

ಹೆಜ್ಜೆ 2: ಬೇಗ ಹೆಸರು ಬರೆಸಿ, ರಕ್ತದ ಅಂಕಿ ತಿಳಿದುಕೊಳ್ಳಿ

ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ. ಮೂರು ತಿಂಗಳೊಳಗೆ ತಾಯಿ ಕಾರ್ಡ್ ಆಗಬೇಕು. "ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು" ಅನ್ನುವ ರೂಢಿ ನಮ್ಮಲ್ಲಿ ಬಲವಾಗಿದೆ. ನೆಂಟರಿಗೆ ಹೇಳದೆ ಇರಿ, ತೊಂದರೆ ಇಲ್ಲ. ನರ್ಸ್‌ಗೆ ಹೇಳದೆ ಇರಬೇಡಿ.

ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟು ಬರೆದಿದ್ದಾರೆ ಅಂತ ನೀವೇ ಓದಿ. ಬಸುರಿಗೆ 11 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರಿ. 10ರಿಂದ 10.9 ಅಲ್ಪ ರಕ್ತಹೀನತೆ. 7ರಿಂದ 9.9 ಮಧ್ಯಮ. 7ಕ್ಕಿಂತ ಕೆಳಗೆ ಹೋದರೆ ತೀವ್ರ, ಅದು ಆಸ್ಪತ್ರೆಯ ಕೆಲಸ, ಮನೆಮದ್ದಿನದ್ದಲ್ಲ.

ಬಸುರಿನಲ್ಲಿ ಮೈಯ ರಕ್ತ ಒಟ್ಟಾರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ಆಗುತ್ತದೆ. ಅದರಲ್ಲಿ ನೀರಿನಂಶ ಬೇಗ ಏರುತ್ತದೆ, ಕೆಂಪು ಕಣ ನಿಧಾನ. ಹಾಗಾಗಿ ಅಂಕಿ ಸ್ವಲ್ಪ ಇಳಿಯುವುದು ಸಹಜ. ಅದನ್ನೇ ನೆಪ ಮಾಡಿಕೊಂಡು "ಬಸುರಿಯಲ್ವಾ, ಇದೆಲ್ಲ ಇದ್ದದ್ದೇ" ಅಂತ ಬಿಡುವುದು ಮಾತ್ರ ತಪ್ಪು. ಒಂಬತ್ತು ತಿಂಗಳಲ್ಲಿ ತಾಯಿ, ಮಗು, ಕಸ (ಮಾಸು) ಎಲ್ಲ ಸೇರಿ ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಊಟವೊಂದರಿಂದಲೇ ಅಷ್ಟು ಸಿಗುವುದು ಕಷ್ಟ.

ಮನೆಯಲ್ಲೇ ನೋಡಬಹುದಾದ ಗುರುತುಗಳೂ ಇವೆ. ಹಗಲು ಬೆಳಕಿನಲ್ಲಿ, ಜಗಲಿ ಅಂಚಿಗೆ ಬಂದು, ಕೆಳಗಿನ ಕಣ್ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆಳೆಯಿರಿ. ಒಳಗಿನ ಪದರ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿ ಇರಬಹುದು. ಕೊಟ್ಟಿಗೆಯಿಂದ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು, ಸುಮ್ನೆ ಕೂತಾಗಲೂ ಎದೆ ಡವಗುಟ್ಟುವುದು, ತಲೆ ಸುತ್ತು. ಇನ್ನೊಂದು ಗುರುತನ್ನು ನಮ್ಮ ಕಡೆ ಬಯಕೆ ಅಂತ ತಿಳಿಯುತ್ತಾರೆ: ಹಸಿ ಅಕ್ಕಿ ಮುಕ್ಕುವುದು, ಒಲೆ ಬೂದಿ, ಗೋಡೆ ಮಣ್ಣು, ಸೀಮೆಸುಣ್ಣ ತಿನ್ನುವ ಆಸೆ. ಇದು ಕಬ್ಬಿಣದ ಕೊರತೆ ಇರುವವರಲ್ಲಿ ತುಂಬಾ ಕಾಣಿಸುತ್ತದೆ. ಹುಳಿಮಾವು ಬೇಕೆಂದರೆ ತಂದುಕೊಡಿ. ಮಣ್ಣು ಬೇಕೆಂದರೆ ರಕ್ತ ಪರೀಕ್ಷೆ ಮಾಡಿಸಿ. ಬೈಯಬೇಡಿ, ಅದು ಅವಳ ಕೈಯಲ್ಲಿಲ್ಲ.

ಹೆಜ್ಜೆ 3: ಕೆಂಪು ಮಾತ್ರೆಯನ್ನು ಸರಿಯಾಗಿ ನುಂಗುವುದು

ಇಡೀ ಬರಹದಲ್ಲಿ ಒಂದನ್ನೇ ಓದುವುದಿದ್ದರೆ ಇದನ್ನು ಓದಿ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ದರೆ ದಿನಕ್ಕೆ ಎರಡು ಕೊಡುತ್ತಾರೆ. ಆದರೆ ನೀವಾಗಿಯೇ ಎರಡು ಮಾಡಿಕೊಳ್ಳಬೇಡಿ, ನರ್ಸ್ ಅಥವಾ ಡಾಕ್ಟರು ಹೇಳಲಿ.

ಹೊತ್ತು: ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ಮಲಗುವ ಮುಂಚೆ. ಹೊಟ್ಟೆ ತುಸು ಖಾಲಿ ಇದ್ದಾಗ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮಲಗಿಬಿಟ್ಟರೆ ಹೊಟ್ಟೆ ತೊಳೆಸುವುದೂ ಅಷ್ಟಾಗಿ ಗೊತ್ತಾಗುವುದಿಲ್ಲ. ನೀರಿನ ಜೊತೆ ನುಂಗಿ, ಅದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ಹಾಲಿನ ಜೊತೆ ಬೇಡವೇ ಬೇಡ. ಬಸುರಿಗೆ ರಾತ್ರಿ ಒಂದು ಲೋಟ ಹಾಲು ಕೊಟ್ಟು, "ಮಾತ್ರೇನೂ ಇದರಲ್ಲೇ ನುಂಗಿಬಿಡು" ಅನ್ನುವುದು ಪ್ರೀತಿಯ ಮಾತೇ. ಆದರೆ ಹಾಲಿನ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಬ್ಬಿಣವನ್ನು ತಡೆಯುತ್ತದೆ. ಹಾಲನ್ನು ಸಂಜೆಗೆ ಹಾಕಿ.

ವಾಕರಿಕೆ ತಡೆಯಲಾಗದಿದ್ದರೆ ಊಟವಾದ ಕೂಡಲೇ ತಗೊಳ್ಳಿ, ಆ ಹೊತ್ತಿನ ಊಟಕ್ಕೆ ಮಜ್ಜಿಗೆ ಬಿಡಿ. ಹತ್ತುವುದು ಸ್ವಲ್ಪ ಕಮ್ಮಿಯಾದರೂ, ಮಾತ್ರೆ ನಿಲ್ಲಿಸುವುದಕ್ಕಿಂತ ಮೇಲು. ಮಲ ಕಪ್ಪಾಗುತ್ತದೆ, ಹೆದರಬೇಡಿ, ಅದು ಮಾತ್ರೆಯ ಬಣ್ಣ. ಮಲಬದ್ಧತೆಗೆ ಬಸಳೆ, ಬಾಳೆದಿಂಡಿನ ಪಲ್ಯ, ಜಾಸ್ತಿ ನೀರು. ಇಷ್ಟಾದರೂ ಆಗದಿದ್ದರೆ ಡಾಕ್ಟರು ಬೇರೆ ಬಗೆಯ ಕಬ್ಬಿಣ ಬರೆದುಕೊಡಬಹುದು.

ಇನ್ನು ಆ ಹಳೇ ಮಾತು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅತ್ತೆ ಅಡುಗೆಮನೆಯಿಂದಲೇ ಅನ್ನುತ್ತಾರೆ: "ಆ ಕೆಂಪು ಮಾತ್ರೆ ತಿಂದ್ರೆ ಮಗು ಕಪ್ಪಾಗ್ತದಂತೆ ಕಣೇ. ದಪ್ಪಾನೂ ಆಗಿ ಹೆರಿಗೆ ಕಷ್ಟ ಆಗ್ತದೆ." ಸೊಸೆ ತಲೆ ತಗ್ಗಿಸಿ ಕೂರುತ್ತಾಳೆ. ಮಾತ್ರೆಯ ಪಟ್ಟಿ ಅಕ್ಕಿ ಡಬ್ಬದ ಹಿಂದೆ ಸೇರುತ್ತದೆ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮಾತ್ರೆಯಿಂದಲ್ಲ. ರಕ್ತ ಕಮ್ಮಿ ಇದ್ದರೆ ಮಗು ತೂಕ ಕಮ್ಮಿ ಹುಟ್ಟಬಹುದು, ದಿನಕ್ಕೆ ಮುಂಚೆ ಹುಟ್ಟಬಹುದು. ಹೆರಿಗೆಯಲ್ಲಿ ರಕ್ತ ಹೋದಾಗ ತಾಯಿಗೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಇದನ್ನು ಅತ್ತೆಯ ಎದುರಿಗೇ, ಮರ್ಯಾದೆಯಿಂದ, "ಅಮ್ಮಾ, ನೀವೇ ದಿನಾ ರಾತ್ರಿ ನೆನಪು ಮಾಡಿ ಕೊಡಿ" ಅಂತ ಹೇಳುವುದು ಒಳ್ಳೆಯದು. ಜವಾಬ್ದಾರಿ ಕೊಟ್ಟರೆ ಅವರಷ್ಟು ಕಟ್ಟುನಿಟ್ಟಾಗಿ ನಡೆಸುವವರು ಬೇರೆ ಇಲ್ಲ. ಪಟ್ಟಿಯನ್ನು ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿ, ನುಂಗಿದ ದಿನಕ್ಕೆ ಪೆನ್ನಿನಲ್ಲಿ ಗೀಟು ಹಾಕಿ.

ಹೆಜ್ಜೆ 4: ಹತ್ತದಂತೆ ಮಾಡುವವನ್ನು ದೂರ ಇಡಿ

ಮೊದಲನೆಯದು ಚಹಾ, ಕಾಫಿ. ತಿಂಡಿ ತಿನ್ನುತ್ತಾ ಕಾಫಿ, ಊಟವಾದ ತಕ್ಷಣ ಚಹಾ. ಇದರಲ್ಲಿರುವ ಒಗರು ಊಟದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹೋಗಲು ಬಿಡುವುದಿಲ್ಲ. ಮಲೆನಾಡಿನಲ್ಲಿ ಕಾಫಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಬಿಡುವುದೂ ಬೇಕಿಲ್ಲ. ದಿನಕ್ಕೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ, ಊಟಕ್ಕೂ ಮಾತ್ರೆಗೂ ಒಂದೆರಡು ಗಂಟೆ ದೂರ ಇಡಿ.

ಎರಡನೆಯದು ಎಲೆ ಅಡಿಕೆ. ಅಡಿಕೆ ನಮ್ಮ ಅನ್ನ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬಸುರಿ ಜಗಿಯುವುದು ಬೇಡ. ಅಡಿಕೆಯಲ್ಲೂ ಒಗರು ತುಂಬಾ ಇದೆ, ಜೊತೆಗೆ ಅದು ಬಾಯಿ ಕ್ಯಾನ್ಸರಿಗೆ ಕಾರಣ ಅನ್ನುವುದು ರುಜುವಾತಾಗಿದೆ. ಹೊಗೆಸೊಪ್ಪು ಸೇರಿದರಂತೂ ಹೊಟ್ಟೆಯಲ್ಲಿರುವ ಮಗುವಿಗೆ ನೇರ ಪೆಟ್ಟು. ಎಲೆಗೆ ಹಚ್ಚುವ ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಮೂರನೆಯದು ಕಣ್ಣಿಗೇ ಕಾಣದ್ದು: ಕೊಕ್ಕೆಹುಳು. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಕಾಲಿಗೆ ಹತ್ತಿದ ಉಂಬಳ ಕಿತ್ತು ಬಿಸಾಡುತ್ತೇವೆ, ಅದು ಕುಡಿದ ರಕ್ತಕ್ಕೆ ಗೋಳಾಡುತ್ತೇವೆ. ಆದರೆ ಅದು ಕುಡಿಯುವುದು ಎಷ್ಟು ಮಹಾ? ಕೊಕ್ಕೆಹುಳದ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗಿ, ಕರುಳಿನಲ್ಲಿ ಕಚ್ಚಿಕೊಂಡು, ವರ್ಷಗಟ್ಟಲೆ ರಕ್ತ ಹೀರುತ್ತದೆ. ಬಯಲಿಗೆ ಹೋಗುವ ಅಭ್ಯಾಸ ಇನ್ನೂ ಉಳಿದಿರುವ ಕಡೆ ಇದು ಜಾಸ್ತಿ. ಗದ್ದೆ, ತೋಟ, ಗೊಬ್ಬರದ ಗುಂಡಿ, ಎಲ್ಲಿಗೇ ಹೋದರೂ ಬೂಟು ಅಥವಾ ಚಪ್ಪಲಿ ಬೇಕು. ಮೂರು ತಿಂಗಳು ಕಳೆದ ಮೇಲೆ ಜಂತುಹುಳುವಿನ ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು ಮಾತ್ರೆ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ಮೊದಲ ಮೂರು ತಿಂಗಳಲ್ಲಿ ಮಾತ್ರ ಅದು ಬೇಡ.

ಹೆಜ್ಜೆ 5: ಹಿತ್ತಿಲಿನದ್ದನ್ನು ಹತ್ತುವ ಹಾಗೆ ಬೇಯಿಸುವುದು

ಸೊಪ್ಪಿನ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ಅದಕ್ಕೆ ಹುಳಿ ಜೊತೆಗಿರಬೇಕು, ಮುಖ್ಯವಾಗಿ ಸಿ ಜೀವಸತ್ವ. ನಮ್ಮ ಅಡುಗೆಯಲ್ಲಿ ಹುಳಿಗೆ ಬರವಿಲ್ಲ. ಹರಿವೆ ಪಲ್ಯ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಕುದಿಸುವಾಗಲೇ ಹಾಕಿದರೆ ಸಿ ಜೀವಸತ್ವ ಬಿಸಿಗೆ ಹಾಳಾಗುತ್ತದೆ. ನುಗ್ಗೆಸೊಪ್ಪಿನ ಸಾರಿನ ಜೊತೆ ಬೆಟ್ಟದ ನೆಲ್ಲಿಕಾಯಿಯ ಹಸಿ ಚಟ್ನಿ, ಊಟವಾದ ಮೇಲೆ ಒಂದು ಪೇರಲೆಹಣ್ಣು. ಇಷ್ಟು ಸಾಕು.

ತಂಬುಳಿಯ ವಿಷಯ ಹೇಳಲೇಬೇಕು. ಒಂದೆಲಗದ ತಂಬುಳಿ ತಂಪು, ರುಚಿ, ಮಜ್ಜಿಗೆಯಿಂದ ಸುಣ್ಣವೂ ಸಿಗುತ್ತದೆ. ಆದರೆ ಸೊಪ್ಪು ತಿಂದೆ, ರಕ್ತ ಆಯಿತು ಅಂದುಕೊಳ್ಳಬೇಡಿ. ಮಜ್ಜಿಗೆ ಸೇರಿದ ಮೇಲೆ ಅದರ ಕಬ್ಬಿಣ ಇನ್ನೂ ಕಮ್ಮಿ ಹತ್ತುತ್ತದೆ. ತಂಬುಳಿ ಒಂದು ಹೊತ್ತಿಗೆ, ನಿಂಬೆ ಹಿಂಡಿದ ಪಲ್ಯ ಇನ್ನೊಂದು ಹೊತ್ತಿಗೆ ಇರಲಿ.

ಕಬ್ಬಿಣದ ಬಾಣಲೆ ಅಟ್ಟದ ಮೇಲಿದ್ದರೆ ಇಳಿಸಿ. ಹುಳಿ ಇರುವ ಅಡುಗೆ, ಗೊಜ್ಜು, ಟೊಮೆಟೊ ಹಾಕಿದ ಪಲ್ಯ, ಅದರಲ್ಲಿ ಮಾಡಿದರೆ ಪಾತ್ರೆಯ ಕಬ್ಬಿಣವೂ ಒಂದಿಷ್ಟು ಊಟಕ್ಕೆ ಸೇರುತ್ತದೆ. ಹೆಸರು, ಹುರುಳಿ, ಕಡಲೆಯನ್ನು ಮೊಳಕೆ ಬರಿಸಿ ಬೇಯಿಸಿ. ಮೊಳಕೆ ಬಂದಾಗ ಕಬ್ಬಿಣ, ಸತು ಎರಡೂ ಚೆನ್ನಾಗಿ ಬಿಡುಗಡೆಯಾಗುತ್ತವೆ. ಹುದುಗು ಬಂದ ದೋಸೆ, ಇಡ್ಲಿಗೂ ಇದೇ ಲಾಭ.

ಮೀನು, ಮಾಂಸ ತಿನ್ನುವ ಮನೆಯಾದರೆ ಅರ್ಧ ಕೆಲಸ ಹಗುರ. ಅದರ ಕಬ್ಬಿಣ ಸೊಪ್ಪಿನದಕ್ಕಿಂತ ಚೆನ್ನಾಗಿ ಹತ್ತುತ್ತದೆ. ಜೊತೆಗೆ ತಿಂದ ಸೊಪ್ಪಿನದ್ದನ್ನೂ ಹತ್ತಿಸುತ್ತದೆ. ಘಟ್ಟ ಹತ್ತಿ ಬರುವ ಸಮುದ್ರದ ಮೀನಿನಲ್ಲಿ ಅಯೋಡಿನ್ ಕೂಡ ಇದೆ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಕ್ಯಾಲ್ಸಿಯಂ ಇದೆ. ಗದ್ದೆ ಏಡಿ ಸಾರು ಮಾಡಿದರೆ ಚೆನ್ನಾಗಿ ಬೇಯಲಿ. ಕುರಿಯ ಲಿವರ್‌ನಲ್ಲಿ ಎ ಜೀವಸತ್ವ ವಿಪರೀತ ಇರುವುದರಿಂದ ಮೊದಲ ಮೂರು ತಿಂಗಳು ಬೇಡ.

ಬೀಟ್‌ರೂಟ್, ದಾಳಿಂಬೆ ತಿಂದರೆ ರಕ್ತ ಬರುತ್ತದೆ ಅಂತ ಗಂಡಂದಿರು ಪೇಟೆಯಿಂದ ಕೆ.ಜಿ.ಗಟ್ಟಲೆ ತರುತ್ತಾರೆ. ಹಣ್ಣು ಒಳ್ಳೆಯದೇ, ತಿನ್ನಲಿ. ಆದರೆ ಬಣ್ಣ ಕೆಂಪಾದ ಮಾತ್ರಕ್ಕೆ ಕಬ್ಬಿಣ ಇರುವುದಿಲ್ಲ. ಹಿತ್ತಿಲ ಹರಿವೆಗೆ ಹೋಲಿಸಿದರೆ ಅದರಲ್ಲಿ ಕಬ್ಬಿಣ ತೀರಾ ಕಮ್ಮಿ. ಜೋನಿಬೆಲ್ಲದ ಕಥೆಯೂ ಹೀಗೆಯೇ, ರುಚಿಗೆ ಸರಿ, ಮದ್ದಿಗಲ್ಲ.

ಅಕ್ಕಿಯ ಬಗ್ಗೆ ಒಂದು ಮಾತು. ಚೆನ್ನಾಗಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಬಿ ಗುಂಪಿನ ಜೀವಸತ್ವಗಳು ತೌಡಿನ ಜೊತೆ ಹೋಗಿರುತ್ತವೆ. ಉಳಿದದ್ದು ಬಸಿದ ಗಂಜಿಯಲ್ಲಿ ಹೋಗುತ್ತದೆ. ಕುಚ್ಚಲಕ್ಕಿಯಲ್ಲಿ ಅವು ಹೆಚ್ಚು ಉಳಿಯುತ್ತವೆ. ಬಸಿದ ತಿಳಿಯನ್ನು ದನಕ್ಕೆ ಕೊಡುವ ಬದಲು ತಿಳಿಸಾರು ಮಾಡಿ.

ಹೆಜ್ಜೆ 6: ಸುಣ್ಣದ ಮಾತ್ರೆಗೆ ಬೇರೆ ಹೊತ್ತು

ಬಸುರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಸಾಲದಿದ್ದರೆ ಮಗುವಿನ ಎಲುಬಿಗೆ ತಾಯಿಯ ಎಲುಬಿನಿಂದಲೇ ಹೋಗುತ್ತದೆ. ಕ್ಯಾಲ್ಸಿಯಂ ಕಮ್ಮಿ ತಿನ್ನುವ ಹೆಂಗಸರಿಗೆ ಈ ಮಾತ್ರೆ ಕೊಟ್ಟರೆ ಬಸುರಿನಲ್ಲಿ ಬಿ.ಪಿ. ಏರಿ ಗರ್ಭದ ನಂಜು (ಪ್ರೀಎಕ್ಲಾಂಪ್ಸಿಯಾ) ಆಗುವ ಅಪಾಯ ಕಮ್ಮಿಯಾಗುತ್ತದೆ.

ಆಸ್ಪತ್ರೆಯ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಐಯು ಡಿ ಜೀವಸತ್ವ. ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು: ಬೆಳಗಿನ ತಿಂಡಿಯ ಜೊತೆ ಒಂದು, ಮಧ್ಯಾಹ್ನದ ಊಟದ ಜೊತೆ ಒಂದು. ಕೆಂಪು ಮಾತ್ರೆ ರಾತ್ರಿಗೆ ಇರುವುದರಿಂದ ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಎಲ್ಲ ಮಾತ್ರೆ ಒಂದೇ ಹಿಡಿಯಲ್ಲಿ ನುಂಗಿ ಕೆಲಸ ಮುಗಿಸಿದರೆ ಮಾತ್ರೆ ಖರ್ಚಾಯಿತು, ಲಾಭ ಆಗಲಿಲ್ಲ. ಥೈರಾಯ್ಡ್ ಮಾತ್ರೆ ಇರುವವರು ಅದಕ್ಕೂ ಇವೆರಡಕ್ಕೂ ನಾಲ್ಕು ಗಂಟೆ ಅಂತರ ಇಟ್ಟು, ಹೊತ್ತನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಊಟದಲ್ಲಿ ಹಾಲು, ಮೊಸರು, ರಾಗಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹೆಸರಿಗೆ ಮಾತ್ರ. ಶಿಕಾರಿಪುರ, ಭದ್ರಾವತಿ ಕಡೆ ಮುದ್ದೆ ಉಣ್ಣುತ್ತಾರೆ. ಮೇಲ್ಮಲೆನಾಡಿನಲ್ಲಿ ಅಕ್ಕಿಯದ್ದೇ ರೊಟ್ಟಿ, ಕಡುಬು, ಗಂಜಿ. ಅಂಥ ಮನೆಗಳಲ್ಲಿ ಬೆಳಿಗ್ಗೆ ರಾಗಿ ಅಂಬಲಿ ಅಥವಾ ರಾಗಿ ಹಾಲುಬಾಯಿಯನ್ನಾದರೂ ರೂಢಿ ಮಾಡಿಕೊಳ್ಳಿ. ಎಳ್ಳು ಉಷ್ಣ ಅಂತ ಹಿರಿಯರು ಬೇಡ ಅಂದರೆ ಅದಕ್ಕೆ ಜಗಳ ಬೇಡ, ರಾಗಿ ಇದೆಯಲ್ಲ.

ಹೆಜ್ಜೆ 7: ಸಸ್ಯಾಹಾರಿಗಳು ಬಿ12 ಮರೆಯಬೇಡಿ

ಬಿ12 ಗಿಡಮರಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಬಸುರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.5 ಮೈಕ್ರೋಗ್ರಾಂ. ನೀರು ಮಜ್ಜಿಗೆ, ಕಾಫಿಗೆ ಬಿಟ್ಟ ಎರಡು ಚಮಚ ಹಾಲು ಇದಕ್ಕೆ ಸಾಲದು. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಬಸುರಿಯ ಪಾಲಿನ ಎರಡು ಲೋಟ ಮೊದಲೇ ತೆಗೆದಿಟ್ಟು, ಆಮೇಲೆ ಕ್ಯಾನ್ ತುಂಬಿಸಿ.

ಕಬ್ಬಿಣದ ಮಾತ್ರೆ ಸರಿಯಾಗಿ ತಗೊಂಡೂ ರಕ್ತ ಏರುತ್ತಿಲ್ಲ, ಕೈಕಾಲು ಜುಮುಗುಡುತ್ತದೆ, ನಾಲಿಗೆ ನುಣ್ಣಗೆ ಕೆಂಪಗಾಗಿ ಉರಿಯುತ್ತದೆ ಅಂದರೆ ಬಿ12 ಪರೀಕ್ಷೆ ಕೇಳಿ. ಫೋಲಿಕ್ ಆಮ್ಲ ಒಂದನ್ನೇ ತಿನ್ನುತ್ತಿದ್ದರೆ ಈ ಕೊರತೆಯ ರಕ್ತಹೀನತೆ ಮರೆಯಾಗಿ, ನರದ ತೊಂದರೆ ಒಳಗೊಳಗೇ ಮುಂದುವರಿಯಬಹುದು. ಅದಕ್ಕೇ ಇದನ್ನು ಹಗುರವಾಗಿ ತಗೊಳ್ಳಬೇಡಿ.

ಹೆಜ್ಜೆ 8: ಉಪ್ಪಿನ ಮರಿಗೆ ಒಲೆಯಿಂದ ದೂರ

ಜೋರು ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತದೆ. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಇಂಥ ಮಣ್ಣಿನಲ್ಲಿ ಬೆಳೆದದ್ದರಲ್ಲಿ ಅಯೋಡಿನ್ ಕಮ್ಮಿ ಇರುತ್ತದೆ. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು. ಕೊರತೆ ತೀವ್ರವಾದರೆ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ, ಕಿವಿಯೂ ಕೇಳದೆ ಹೋಗಬಹುದು.

ಅಯೋಡಿನ್ ಇರುವ ಪ್ಯಾಕೆಟ್ ಉಪ್ಪು ಬಳಸಿ. ಸಂತೆಯ ಬಿಡಿ ಕಲ್ಲುಪ್ಪು ಉಪ್ಪಿನಕಾಯಿಗಿರಲಿ, ದಿನದ ಅಡುಗೆಗೆ ಬೇಡ. ಒಲೆಯ ಕಟ್ಟೆ ಮೇಲೆ ಬಾಯಿ ತೆರೆದ ಮರಿಗೆಯಲ್ಲಿ ಇಟ್ಟರೆ ಶಾಖಕ್ಕೂ ತೇವಕ್ಕೂ ಅಯೋಡಿನ್ ಹಾರಿಹೋಗುತ್ತದೆ. ಮಳೆಗಾಲದಲ್ಲಿ ಉಪ್ಪು ನೀರು ಬಿಡುತ್ತದೆ ನೋಡಿ, ಆ ನೀರಿನ ಜೊತೆಯೂ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬ, ಒಲೆಯಿಂದ ದೂರ, ಅಡುಗೆ ಇಳಿಸುವಾಗ ಉಪ್ಪು. ಹಾಗಂತ ಪ್ರಮಾಣ ಜಾಸ್ತಿ ಮಾಡಬೇಡಿ.

ಹೆಜ್ಜೆ 9: ಬಿಸಿಲು, ಮತ್ತು ಕಣ್ಣು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯ ಕಾಣುವುದೇ ಅಪರೂಪ. ಚರ್ಮ ಡಿ ಜೀವಸತ್ವ ಮಾಡಿಕೊಳ್ಳಲು ಬಿಸಿಲು ಬೇಕು, ಅದೂ ಎಳೆಬಿಸಿಲಿಗಿಂತ ನಡುಹಗಲಿನದ್ದು. ಹೊಳವಾದ ದಿನ ಕೈಕಾಲಿಗೆ ಬಿಸಿಲು ಬೀಳುವ ಹಾಗೆ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂರಿ. ಮಳೆಗಾಲ ಪೂರ್ತಿ ಬಸುರಿಯಾಗಿರುವವರು, ಸೊಂಟ ತೊಡೆಯ ಎಲುಬು ನೋಯುವವರು, ಬೇರೆ ಮಾತ್ರೆ ಬೇಕೇ ಅಂತ ಡಾಕ್ಟರನ್ನು ಕೇಳಿ.

ಸಂಜೆಗತ್ತಲಲ್ಲಿ ಕಣ್ಣು ಮಬ್ಬಾದರೆ ಎ ಜೀವಸತ್ವದ ಕೊರತೆ ಇರಬಹುದು, ತಡಮಾಡದೆ ತೋರಿಸಿ. ಸಿಹಿಗುಂಬಳ, ನುಗ್ಗೆಸೊಪ್ಪು, ಮಾವಿನಹಣ್ಣು, ಕಳಿತ ಪಪ್ಪಾಯಿಯಲ್ಲಿ ಇದಕ್ಕೆ ಬೇಕಾದದ್ದು ಇದೆ. ಪಪ್ಪಾಯಿ ಕಾಯಿ ಮಾತ್ರ ಬೇಡ. ಎ ಜೀವಸತ್ವದ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಅತಿಯಾದರೆ ಮಗುವಿಗೆ ಅಂಗವೈಕಲ್ಯ ಬರಬಹುದು.

ಹೆಜ್ಜೆ 10: ಊರಲ್ಲೇ ಸಿಗುವುದನ್ನು ಬಿಡಬೇಡಿ

ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಇದೆ. ಬಸುರಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ ಕೊಡುವುದು ಅದರ ಉದ್ದೇಶ. ಮನೆ ಮನೆ ದೂರವಿರುವ ನಮ್ಮ ಕಡೆ ಗುಡ್ಡ ಇಳಿದು ಹೋಗಿ ಉಂಡು ಬರುವುದು ಕಷ್ಟ. ಅಂಥವರು ನಿಮ್ಮ ಅಂಗನವಾಡಿಯಲ್ಲಿ ಯಾವ ವ್ಯವಸ್ಥೆ ಇದೆ ಅಂತ ವಿಚಾರಿಸಿ. "ಅಲ್ಲಿ ಹೋಗಿ ಉಣ್ಣುವಷ್ಟು ಬಡತನ ನಮಗಿಲ್ಲ" ಅನ್ನುವ ಮನೆಗಳಿಗೆ ನನ್ನ ಮಾತು ಇಷ್ಟೇ: ಅದು ಬಸುರಿಯ ಹಕ್ಕು, ಭಿಕ್ಷೆಯಲ್ಲ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇದೆ, ಅದನ್ನೂ ಬಳಸಿಕೊಳ್ಳಿ.

ಹೆಜ್ಜೆ 11: ಒಂದು ತಿಂಗಳಿಗೆ ಮತ್ತೆ ರಕ್ತ ನೋಡಿಸಿ

ಮಾತ್ರೆ ಸರಿಯಾಗಿ ತಗೊಂಡರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಕನಿಷ್ಠ 1 ಏರಬೇಕು. ಏರದಿದ್ದರೆ ಮೊದಲು ನಿಮ್ಮ ಕ್ಯಾಲೆಂಡರಿನ ಗೀಟು ನೋಡಿ. ತಪ್ಪಿಲ್ಲದೆ ನುಂಗಿದ್ದೀರಿ ಅಂದರೆ ಬಿ12 ಕೊರತೆ, ಜಂತುಹುಳು, ವಂಶದಿಂದ ಬರುವ ರಕ್ತದ ಕಾಯಿಲೆಗಳಾದ ಸಿಕಲ್ ಸೆಲ್, ಥಲಸ್ಸೀಮಿಯಾದಂಥ ಬೇರೆ ಕಾರಣ ಹುಡುಕಬೇಕು. ಹೆರಿಗೆಗೆ ದಿನ ಕಮ್ಮಿ ಇದ್ದು ರಕ್ತ ಕಮ್ಮಿಯೇ ಇದ್ದರೆ ರಕ್ತನಾಳದ ಮೂಲಕ ಕಬ್ಬಿಣ ಹಾಕುತ್ತಾರೆ, ಹೆದರಬೇಡಿ.

7ಕ್ಕಿಂತ ಕೆಳಗಿದ್ದರೆ, ಕೂತಲ್ಲೇ ಉಸಿರು ಸಾಲದಾದರೆ, ಮುಖ ಕೈ ಊದಿಕೊಂಡು ತಲೆನೋವು, ಕಣ್ಣು ಮಂಜಾದರೆ, ರಕ್ತ ಹೋದರೆ, ಕಾಯಬೇಡಿ. 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಜುಲೈ, ಆಗಸ್ಟಿನಲ್ಲಿ ದಿನ ತುಂಬುವುದಿದ್ದು, ನಡುವೆ ಹಳ್ಳವೋ ಕಾಲುಸಂಕವೋ ಇದ್ದರೆ, ರಕ್ತ ಕಮ್ಮಿ ಇರುವ ಬಸುರಿಯನ್ನು ಮುಂಚೆಯೇ ಪೇಟೆಯ ನೆಂಟರ ಮನೆಗೆ ಕಳಿಸಿ. ಅದೇ ರಕ್ತದ ಗುಂಪಿನವರು ಇಬ್ಬರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 12: ಬಾಣಂತನದಲ್ಲೂ ನಿಲ್ಲಿಸಬೇಡಿ

ಹೆರಿಗೆಯಾದ ಮೇಲೆ ಮಾತ್ರೆ ಮೂಲೆ ಸೇರುವುದೇ ಜಾಸ್ತಿ. ರಕ್ತ ಹೋಗಿರುವುದು ಆಗಲೇ ಅಲ್ವಾ? ಕಬ್ಬಿಣ, ಸುಣ್ಣ ಎರಡೂ ಆರು ತಿಂಗಳು ನಡೆಯಲಿ. ಕಾಳುಮೆಣಸು, ಬೆಳ್ಳುಳ್ಳಿ, ತುಪ್ಪದ ಅನ್ನ ಉಣ್ಣಲಿ, ಬಿಸಿನೀರಿನ ಸ್ನಾನವೂ ಆಗಲಿ. ಆದರೆ ಸೊಪ್ಪು ಶೀತ, ಬೇಳೆ ವಾಯು, ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಪಥ್ಯ ಬಿಗಿ ಮಾಡಿದರೆ ಹಾಲೂಡುವ ತಾಯಿಗೆ ಉಳಿಯುವುದೇನು? ಸೊಪ್ಪು ಬೇಯಿಸಿ ಬಿಸಿಬಿಸಿ ಕೊಡಿ, ನಿಂಬೆ ಹಿಂಡಿ ಕೊಡಿ. ಮುಂದಿನ ಮಗುವಿಗೆ ಎರಡು ವರ್ಷವಾದರೂ ಬಿಡುವಿರಲಿ. ಅಷ್ಟಿಲ್ಲದಿದ್ದರೆ ಖಾಲಿಯಾದ ಕಬ್ಬಿಣ ತುಂಬಿಕೊಳ್ಳುವ ಮುಂಚೆಯೇ ಇನ್ನೊಂದು ಬಸುರು ನಿಲ್ಲುತ್ತದೆ.